ಹಳೆ ಇಳಕಲ್ ಸೀರೆಯ ಚೀಲ ಹಿಡಿಕೆಯ ಬುಡದಲ್ಲಿ ಹರಿದದ್ದೇಕೆ: ಕುಷ್ಟಗಿಯ ಒಂದು ಆರ್ಡರ್

ಕುಷ್ಟಗಿಯ ಒಂದು ಹೊಲಿಗೆ ಮನೆಗೆ ಬಂದ ಆರ್ಡರ್ ದೊಡ್ಡದೇನಲ್ಲ. ಸೀಮಂತದ ಉಡುಗೊರೆಗೆಂದು ಹಳೆ ಸೀರೆಯಲ್ಲಿ ಕ್ವಿಲ್ಟಿಂಗ್ ಮಾಡಿದ, ಅಂದರೆ ಹಲವು ಪದರ ಸೇರಿಸಿ ಸಾಲುಸಾಲಾಗಿ ಹೊಲಿದ, ಹತ್ತು ಕೈಚೀಲ, ಹತ್ತು ಪಾಕೀಟು ಬೇಕಾಗಿದ್ದವು. ಬಟ್ಟೆ ಬಂದದ್ದು ಸ್ಟೀಲ್ ಪಾತ್ರೆ ಕೊಟ್ಟು ಹಳೆ ಬಟ್ಟೆ ಬದಲಿಸಿಕೊಳ್ಳುವವರ ಗಂಟಿನಿಂದ. ಅದರಲ್ಲಿ ನಾಲ್ಕು ಇಳಕಲ್ ಸೀರೆ, ಗುಳೇದಗುಡ್ಡ ಖಣದ ಬಿಚ್ಚಿದ ಕುಪ್ಪಸಗಳು, ತೆಳ್ಳಗಾದ ಧೋತರ, ಮೂರು ಜೀನ್ಸ್ ಪ್ಯಾಂಟು, ಕನ್ನಡಿ ಕೂರಿಸಿದ ಒಂದು ಲಂಬಾಣಿ ಕಸೂತಿಯ ತುಂಡು ಇದ್ದವು.

ಮೊದಲು ಮಾದರಿಗೆಂದು ಒಂದು ಚೀಲ, ಒಂದು ಪಾಕೀಟು ಹೊಲಿಯಲಾಯಿತು. ನೋಡಲು ಎರಡೂ ಚೆಂದ. ಚೀಲಕ್ಕೆ ಐದು ಕಿಲೋ ಜೋಳ ತುಂಬಿ ರಾತ್ರಿಯಿಡೀ ಗೂಟಕ್ಕೆ ತೂಗುಹಾಕಿದರೆ, ಬೆಳಿಗ್ಗೆ ಹೊತ್ತಿಗೆ ಹಿಡಿಕೆಯ ಬುಡದಲ್ಲಿ ಸೀರೆ ಅಡ್ಡಲಾಗಿ ಮೂರು ಇಂಚು ಹರಿದಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ, ನೂಲು ಗಟ್ಟಿಯಾಗೇ ಇತ್ತು, ಹೋದದ್ದು ಬಟ್ಟೆ. ಸೆರಗಿನ ಬಿಳಿ ಭಾಗಕ್ಕೆ ಗುಲಾಬಿ ಕಲೆ ಹತ್ತಿತ್ತು. ಪಾಕೀಟು ಮಡಚಿದರೆ ತಾನೇ ತೆರೆದುಕೊಳ್ಳುತ್ತಿತ್ತು, ಕಾರ್ಡು ಒಳಗೆ ಇಳಿಯುತ್ತಿರಲಿಲ್ಲ. ಉಳಿದ ಒಂಬತ್ತಕ್ಕೆ ಕತ್ತರಿ ಹಾಕುವ ಮೊದಲೇ ಇದು ಗೊತ್ತಾದದ್ದು ಒಳ್ಳೆಯದಾಯಿತು. ಹಳೆ ಬಟ್ಟೆ ಒಮ್ಮೆ ಕತ್ತರಿಸಿದರೆ ಅದೇ ಇನ್ನೊಂದು ಅಂಗಡಿಯಲ್ಲಿ ಸಿಗುವುದಿಲ್ಲ.

ಹರಿದ ದಿಕ್ಕೇ ಮೊದಲ ಸುಳಿವು

ಅಡ್ಡ ಹರಿದಿದೆ ಎಂದರೆ ಲಂಬವಾಗಿ ನಿಂತ ಎಳೆಗಳು ತುಂಡಾಗಿವೆ ಎಂದರ್ಥ. ಈ ಚೀಲದಲ್ಲಿ ಲಂಬವಾಗಿದ್ದದ್ದು ಸೀರೆಯ ಹೊಕ್ಕು, ಅಂದರೆ ಅಗಲಕ್ಕೆ ನೇಯ್ದ ಎಳೆ. ಇಳಕಲ್ ಸೀರೆಯ ಚೀಲ ಎಂದಾಗ ಎಲ್ಲರಿಗೂ ದಡಿ ಕೆಳಗೆ ಅಡ್ಡಲಾಗಿ ಸಾಗಬೇಕು. ಗೋಮಿಯಾಗಲಿ, ಚಿಕ್ಕಿ ಪರಾಸವಾಗಲಿ, ಆ ದಡಿಯೇ ಅದರ ಅಂದ. ಆದರೆ ದಡಿ ಸೀರೆಯ ಉದ್ದಕ್ಕೆ ಹೋಗುವಂಥದ್ದು. ಅದನ್ನು ಅಡ್ಡ ಮಲಗಿಸಿದ ಕೂಡಲೇ ಉದ್ದದ ಎಳೆಯಾದ ಹಾಸು ಅಡ್ಡವಾಗುತ್ತದೆ, ಹೊಕ್ಕು ನಿಲ್ಲುತ್ತದೆ, ಚೀಲದ ಪೂರ್ತಿ ಭಾರ ಹೊಕ್ಕಿನ ಮೇಲೆ ಬೀಳುತ್ತದೆ.

ಆ ಸೀರೆಯ ಉಳಿದ ಭಾಗವನ್ನು ಎಳೆದು ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಎರಡೂ ಹೆಬ್ಬೆರಳನ್ನು ಎರಡು ಇಂಚು ಅಂತರದಲ್ಲಿ ಒತ್ತಿ ಹಿಡಿದು, ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಜಗ್ಗಬೇಕು. ಉದ್ದಕ್ಕೆ ಜಗ್ಗಿದರೆ ತಡೆಯಿತು. ಅಗಲಕ್ಕೆ ಜಗ್ಗಿದರೆ ಸಣ್ಣ ಚರ್ ಸದ್ದಿನೊಂದಿಗೆ ಬಾಯಿಬಿಟ್ಟಿತು. ಬೆಳಕಿಗೆ ಹಿಡಿದರೆ ದಡಿಯಿಂದ ಮೇಲಕ್ಕೆ ಒಂದು ಗೇಣಿನಷ್ಟು ಪಟ್ಟಿ ಜರಡಿಯಾಗಿತ್ತು. ಕಾಲ ಬಳಿ ನೆಲಕ್ಕೆ ತಾಗಿ ಉಜ್ಜಿದ್ದು, ಕಲ್ಲಿನ ಮೇಲೆ ಒಗೆಯುವಾಗ ಕೊಳೆಯಾದ ಅಂಚಿಗೇ ಹೆಚ್ಚು ಪೆಟ್ಟು ಬಿದ್ದದ್ದು, ಎರಡೂ ಸೇರಿ ಆ ಭಾಗ ಸವೆದಿತ್ತು. ಚೀಲಕ್ಕೆ ಆರಿಸಿದ್ದೂ ಅದೇ ಭಾಗ, ಏಕೆಂದರೆ ದಡಿ ಇರುವುದು ಅಲ್ಲೇ.

ಕ್ವಿಲ್ಟಿಂಗ್ ಹೊಲಿಗೆ ಈ ದೋಷವನ್ನು ಇನ್ನಷ್ಟು ಕೆಡಿಸಿತ್ತು. 16ನೇ ನಂಬರಿನ ದಪ್ಪ ಸೂಜಿ, ಇಂಚಿಗೆ ಹನ್ನೆರಡು ಹೊಲಿಗೆ, ಸಾಲುಗಳು ದಡಿಗೆ ಸಮಾನಾಂತರ. ಸವೆದ ಬಟ್ಟೆಯಲ್ಲಿ ಒಂದೇ ಗೆರೆಯ ಮೇಲೆ ಒತ್ತೊತ್ತಾಗಿ ತೂತು ಬಿದ್ದರೆ ಅದು ಅಂಚೆಚೀಟಿಯ ಅಂಚಿನ ಹಾಗೆ ಹರಿಯಲು ತಯಾರಾಗಿ ನಿಂತಿರುತ್ತದೆ. ಹೊಸ ಬಟ್ಟೆಯಲ್ಲಿ ಸಣ್ಣ ಹೊಲಿಗೆ ಗಟ್ಟಿ ಎನ್ನುವ ಮಾತು ಹಳೆ ಬಟ್ಟೆಗೆ ಸಲ್ಲುವುದಿಲ್ಲ. ಜೊತೆಗೆ ಹಿಡಿಕೆಯನ್ನು ಬಾಯಿಯಂಚಿನಲ್ಲಿ ಸೀರೆ ಮತ್ತು ಲೈನಿಂಗ್ ನಡುವೆ ಸಿಕ್ಕಿಸಿ ಹೊಲಿಯಲಾಗಿತ್ತು. ಐದು ಕಿಲೋ ಭಾರ ಒಂದೊಂದು ಇಂಚು ಅಗಲದ ನಾಲ್ಕು ತಾಣಗಳಲ್ಲಿ ಸತ್ತ ಬಟ್ಟೆಯನ್ನು ಜಗ್ಗುತ್ತಿತ್ತು. ಪದರಗಳ ನಡುವೆ ತುಂಬಿದ್ದ ಮೆತ್ತನೆಯ ಪಾಲಿಯೆಸ್ಟರ್ ವ್ಯಾಡಿಂಗ್ ಉಬ್ಬು ಕೊಡುತ್ತದೆಯೇ ಹೊರತು ಬಲ ಕೊಡುವುದಿಲ್ಲ.

ಇಲ್ಲಿಂದ ಮುಂದಿನ ಕೆಲಸವೆಲ್ಲ ಒಂದೇ ತೀರ್ಮಾನದ ಮೇಲೆ ನಿಂತಿತು. ಹಳೆ ಸೀರೆ ಮುಖಕ್ಕೆ ಮಾತ್ರ. ಭಾರ ಹೊರುವುದು ಒಳಪದರ ಮತ್ತು ಪಟ್ಟಿಯ ಕೆಲಸ. ನಮ್ಮ ಕಡೆಯ ಕೌದಿ ಮಾಡುವುದೂ ಅದನ್ನೇ. ಅಲ್ಲಿ ಒಂದೂ ಹೊಸ ಬಟ್ಟೆ ಇರುವುದಿಲ್ಲ, ಆದರೂ ನಾಲ್ಕೈದು ಪದರ ಉದ್ದ ಹೊಲಿಗೆಯಲ್ಲಿ ಒಂದಕ್ಕೊಂದು ಹಿಡಿದುಕೊಂಡು, ಯಾವ ಪದರಕ್ಕೂ ಒಂಟಿಯಾಗಿ ಜಗ್ಗಿಸಿಕೊಳ್ಳುವ ಪಾಡು ಬರದ ಹಾಗೆ ನೋಡಿಕೊಳ್ಳುತ್ತದೆ.

ಬಟ್ಟೆ ಆರಿಸಿದ ರೀತಿ

ನಾಲ್ಕು ಸೀರೆಗಳಲ್ಲಿ ಒಂದಕ್ಕೆ ಕತ್ತರಿ ತಾಗಿಸಲಿಲ್ಲ. ಮೈಗೆ ಸೆರಗು ಸೇರಿಸುವ ಅದರ ಕೊಂಡಿ ಜೋಡಣೆ, ತೋಪು ತೆನಿ ವಿನ್ಯಾಸದ ಸೆರಗು ಎಲ್ಲ ಅಖಂಡವಾಗಿತ್ತು, ಒಗೆದು ಮಡಚಿದರೆ ಇನ್ನೂ ಉಡಬಹುದಾಗಿತ್ತು. ಉಡಬಹುದಾದ ಕೈಮಗ್ಗದ ಸೀರೆಯನ್ನು ಚೀಲಕ್ಕೆ ಕತ್ತರಿಸುವುದು ತಪ್ಪು. ಹರಿದು ಬಂದವೇ ಬೇಕಾದಷ್ಟಿವೆ. ಇನ್ನೊಂದರ ಸೆರಗು ಮಡಿಕೆಗಳ ಗುಂಟ ಸೀಳಿತ್ತು. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆಗೆ ಆಗುವ ಗತಿ ಇದು. ಇದಕ್ಕೆ ಯಾವ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಬೆನ್ನುಬಟ್ಟೆ) ಅಂಟಿಸಿದರೂ ಮೇಲಿನ ಎಳೆ ಪುಡಿಯಾಗುತ್ತಲೇ ಇರುತ್ತದೆ. ಅದರ ಹತ್ತಿಯ ಮೈಯನ್ನು ಮಾತ್ರ ಒಳಪದರಕ್ಕೆ ಇಟ್ಟುಕೊಳ್ಳಲಾಯಿತು.

ಉಳಿದ ಎರಡರಿಂದಲೇ ಹತ್ತು ಚೀಲದ ಇಪ್ಪತ್ತು ಮುಖ ಹೊರಟವು. ಸೀರೆಯಲ್ಲಿ ಗಟ್ಟಿಯಾಗಿ ಉಳಿಯುವುದು ಸಾಮಾನ್ಯವಾಗಿ ಮೊದಲ ಸುತ್ತು, ಅಂದರೆ ಒಳಗೆ ಮುಚ್ಚಿಹೋಗುವ ಭಾಗ. ಪ್ರತಿ ಸೀರೆಯಲ್ಲಿ ಹೀಗೆ ಮೂರು ಗಜದಷ್ಟು, ಅಂದರೆ 108 ಇಂಚು ಸಿಕ್ಕಿತು. ಒಂದೊಂದು ಮುಖಕ್ಕೆ 20 ಇಂಚು ಅಗಲ, 14 ಇಂಚು ಎತ್ತರದ ತುಂಡು. ಕೆಳದಡಿಯ ಗುಂಟ ಐದು, ಮೇಲ್ದಡಿಯ ಗುಂಟ ಐದು. ನಡುವೆ ಉಳಿದ ಪಟ್ಟಿ ಪಾಕೀಟಿನ ಒಳಕೆಲಸಕ್ಕೆ. ಸೆರಗು ಬಳಸುವವರು ಮೈ ಮತ್ತು ಸೆರಗು ಸೇರುವ ಕೊಂಡಿಯ ಗೆರೆಯನ್ನು ಯಾವುದೇ ಹೊಲಿಗೆಯಿಂದ ಕನಿಷ್ಠ ಎರಡು ಇಂಚು ದೂರ ಇಡಬೇಕು. ಅಲ್ಲಿ ಎಳೆಗಳು ಕುಣಿಕೆಯಿಂದ ಕುಣಿಕೆಗೆ ಸಿಕ್ಕಿಸಿದವು, ಕತ್ತರಿ ಹತ್ತಿರ ಬಂದರೆ ಜಾರುತ್ತವೆ. ಅದು ಈ ಸೀರೆಯ ಗುರುತೂ ಹೌದು, ಹೊಲಿಗೆಯೊಳಗೆ ಮುಚ್ಚಿಹೋಗಬಾರದು.

ಯಾವುದು ಹತ್ತಿ, ಯಾವುದು ರೇಷ್ಮೆ ಎಂಬ ಅನುಮಾನ ಬಂದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಡಬೇಕು. ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುವ ಕರಿ ಗುಳಿಗೆಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರ್ಟ್ ಸಿಲ್ಕ್ ಎಂದು ಕರೆಯುವ ರೇಯಾನ್ ಹತ್ತಿಯ ಹಾಗೇ ಉರಿಯುತ್ತದೆ. ಇದನ್ನು ಗುರುತಿಸುವುದು ಮುಖ್ಯ. ರೇಯಾನ್ ನೆನೆದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಒದ್ದೆ ಸೆರಗನ್ನು ಹಿಂಡಿದರೆ ಅಲ್ಲೇ ಹೋಗುತ್ತದೆ. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು.

ಕಲೆ ಹತ್ತಿದ್ದು ಎಲ್ಲಿ

ಕೆಂಪು ಬಣ್ಣ ಬಿಟ್ಟದ್ದು ಒಗೆಯುವಾಗ ಅಲ್ಲ, ಇಸ್ತ್ರಿ ಹಾಕುವಾಗ. ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದಾಗ ಹುಟ್ಟಿದ ಉಗಿ ಸೆರಗಿನ ಕೆಂಪನ್ನು ಬಿಳಿಗೆ ಒಯ್ದಿತ್ತು. ಆದ್ದರಿಂದ ಪರೀಕ್ಷೆಯೂ ಅದೇ ರೀತಿ ನಡೆಯಬೇಕು. ಮೂಲೆಯೊಂದನ್ನು ಒದ್ದೆ ಮಾಡಿ, ಬಿಳಿ ಬಟ್ಟೆ ಇಟ್ಟು ಇಸ್ತ್ರಿ ಒತ್ತಿ ನೋಡಬೇಕು. ಗುಲಾಬಿ ಹತ್ತಿದರೆ ಬಣ್ಣ ಬಿಡುವುದು ನಿಲ್ಲುವ ತನಕ ತಣ್ಣೀರಲ್ಲಿ ಜಾಲಿಸಬೇಕು, ಪ್ರತಿ ಸಲ ಹೊಸ ನೀರು.

ಉಪ್ಪು ಹಾಕಿದರೆ, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಮನೆಮನೆಯಲ್ಲಿ ಹೇಳುತ್ತಾರೆ. ಬಣ್ಣ ಹಾಕುವ ಹೊತ್ತಿಗೆ ಉಪ್ಪಿಗೆ ಕೆಲಸವಿದೆ. ಸಡಿಲವಾಗಿ ಕೂತ ಹಳೆ ಬಣ್ಣವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಸಡಿಲ ಬಣ್ಣ ಹೊರಗೆ ಹೋಗಲಿ, ಅದೇ ಪರಿಹಾರ. ಎಷ್ಟು ಜಾಲಿಸಿದರೂ ಬಿಡುತ್ತಿದ್ದರೆ ಆ ತುಂಡನ್ನು ಬಿಳಿ ಭಾಗವಿಲ್ಲದ ಕಡೆ ಮಾತ್ರ ಬಳಸಿ, ಒಣ ಇಸ್ತ್ರಿ ಹಾಕಬೇಕು.

ಈ ಭಾಗದ ಬೋರ್‌ವೆಲ್ ನೀರು ಗಡಸು. ಬಾರ್ ಸೋಪು ಹಾಕಿದರೆ ನೊರೆ ಬದಲು ಬಿಳಿ ಕಸರು ಕೂತು ಎಳೆ ಬಿರುಸಾಗುತ್ತದೆ. ಲಿಕ್ವಿಡ್ ಡಿಟರ್ಜೆಂಟ್ ಅಥವಾ ಅಂಟುವಾಳದ ನೀರು ಮೇಲು. ಗಂಜಿ ಹಾಕಿದ ಸೀರೆಯಾದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಗಂಜಿ ಪೂರ್ತಿ ಬಿಡಿಸಲೇಬೇಕು. ಗಂಜಿಯ ಮೇಲೆ ಫ್ಯೂಸಿಂಗ್ ಅಂಟು ಹಿಡಿಯುವುದಿಲ್ಲ. ಒಂದು ವಾರ ಸುಮ್ಮನಿದ್ದು ಆಮೇಲೆ ಗುಳ್ಳೆ ಎಬ್ಬಿಸುತ್ತದೆ. ಗಂಜಿಗೆ ಹುಳವೂ ಬರುತ್ತದೆ.

ಚೀಲವನ್ನು ಮತ್ತೆ ಕಟ್ಟಿದ್ದು

ಮುಗಿದ ಚೀಲದ ಅಳತೆ: 14 ಇಂಚು ಅಗಲ, 13 ಇಂಚು ಎತ್ತರ, ತಳ 4 ಇಂಚು. ಅದಕ್ಕೆ ಒಂದು ಮುಖದ ಅಂತಿಮ ಕಟಿಂಗ್ 19 ಅಗಲ, 16 ಎತ್ತರ, ಎಲ್ಲ ಕಡೆ ಅರ್ಧ ಇಂಚು ಹೊಲಿಗೆ ಸೇರಿ. ದಡಿಯನ್ನು ತೀರಾ ಕೆಳಗಿಟ್ಟರೆ ತಳದ ಮಡಿಕೆಯಲ್ಲಿ ಎರಡೂವರೆ ಇಂಚು ನುಂಗಿಹೋಗುತ್ತದೆ. ಅದಕ್ಕೆ ಸೀರೆಯ ಕೆಳಗೆ ಡೆನಿಮ್ ಪಟ್ಟಿ ಜೋಡಿಸಲಾಯಿತು: 20 ಇಂಚು ಉದ್ದ, ನಾಲ್ಕೂವರೆ ಎತ್ತರ. ದಡಿ ಪೂರ್ತಿ ಕಾಣುತ್ತದೆ, ನೆಲಕ್ಕೆ ತಾಗುವ ತಳ ಡೆನಿಮ್ ಆಗುತ್ತದೆ.

ಒಂದು ಪ್ಯಾಂಟಿನ ಕಾಲು ಬಿಚ್ಚಿದರೆ ಉದ್ದಕ್ಕೆ ಇಂಥ ಮೂರು ಪಟ್ಟಿ ಬರುತ್ತವೆ. ಮೂರು ಪ್ಯಾಂಟಿನಲ್ಲಿ ಹದಿನೆಂಟು. ಕೊರತೆ ಬಿದ್ದದ್ದನ್ನು ಬಳ್ಳಾರಿಯ ಜೀನ್ಸ್ ಘಟಕಗಳ ಕಟಿಂಗ್ ತುಂಡುಗಳಿಂದ ತುಂಬಲಾಯಿತು. ಆ ತುಂಡುಗಳು ಒಗೆಯದ ಡೆನಿಮ್. ಅದರಲ್ಲಿ ಗಂಜಿ ಇದೆ, ಮೊದಲ ಒಗೆತಕ್ಕೆ ಕುಗ್ಗುತ್ತದೆ, ನೀಲಿಯನ್ನು ಧಾರಾಳವಾಗಿ ಬಿಡುತ್ತದೆ. ಒಗೆದು ಒಣಗಿಸದೆ ಸೀರೆಯ ಪಕ್ಕ ಇಡಬಾರದು. ಲೈಕ್ರಾ ಬೆರೆತ ಹಿಗ್ಗುವ ಡೆನಿಮ್ ಬೇಡ, ಬ್ಲೀಚ್ ಮಾಡಿ ಬೆಳ್ಳಗೆ ಮಾಡಿದ್ದೂ ಬೇಡ; ಅದರ ಎಳೆ ಆಗಲೇ ಬಲ ಕಳೆದುಕೊಂಡಿರುತ್ತದೆ.

ಸೀರೆಯ ಬೆನ್ನಿಗೆ ನೇಯ್ದ ಹತ್ತಿಯ ಫ್ಯೂಸಿಂಗ್ ಅಂಟಿಸಲಾಯಿತು, ಅದರ ಹಾಸು ಲಂಬವಾಗಿ ನಿಲ್ಲುವಂತೆ. ಸೀರೆ ಸೋತ ದಿಕ್ಕಿನಲ್ಲೇ ಫ್ಯೂಸಿಂಗ್ ಗಟ್ಟಿಯಾಗಿ ನಿಲ್ಲಲಿ ಎಂಬುದು ಲೆಕ್ಕ. ಕಾಗದದಂಥ ನಾನ್-ವೋವನ್ ಫ್ಯೂಸಿಂಗ್ ಇಲ್ಲಿ ಕೆಲಸಕ್ಕೆ ಬಾರದು, ನಾಲ್ಕು ಸಲ ಮಡಚಿದರೆ ಗೆರೆ ಬೀಳುತ್ತದೆ. ಇಸ್ತ್ರಿಯನ್ನು ಎಳೆಯದೆ, ಒಂದೊಂದು ಜಾಗದಲ್ಲಿ ಹನ್ನೆರಡು ಸೆಕೆಂಡ್ ಒತ್ತಿ ಎತ್ತಬೇಕು. ಪೂರ್ತಿ ತಣ್ಣಗಾಗುವ ತನಕ ತುಂಡನ್ನು ಅಲುಗಿಸಬಾರದು. ಬಿಸಿಯಲ್ಲಿ ಎತ್ತಿದರೆ ಅಂಟು ಜಾರಿ ಸೀರೆ ಸುಕ್ಕಾಗುತ್ತದೆ.

ವ್ಯಾಡಿಂಗ್ ಬದಲು ಕೌದಿಯ ಕ್ರಮ. ಫ್ಯೂಸಿಂಗ್ ಆದ ಸೀರೆ, ಅದರ ಕೆಳಗೆ ಹಳೆ ಧೋತರ ಎರಡು ಪದರ, ತಳಕ್ಕೆ ಒಗೆದು ಕುಗ್ಗಿಸಿದ ಕೋರಾ ಬಟ್ಟೆ. ನಡುವಿನಿಂದ ಅಂಚಿನ ಕಡೆಗೆ ಮೂರು ನಾಲ್ಕು ಇಂಚಿಗೊಂದು ತಾತ್ಕಾಲಿಕ ಕೈಟಾಕಿ. ಆಮೇಲೆ 14ನೇ ನಂಬರಿನ ಹೊಸ ಸೂಜಿ, ಇಂಚಿಗೆ ಏಳು ಹೊಲಿಗೆ, ಸಾಲಿಂದ ಸಾಲಿಗೆ ಒಂದೂವರೆ ಇಂಚು, ಎಲ್ಲ ಸಾಲೂ ಓರೆ. ಓರೆಯಾಗಿ ಹೋದ ಹೊಲಿಗೆಯ ತೂತುಗಳು ಬೇರೆಬೇರೆ ಎಳೆಗಳ ಮೇಲೆ ಹಂಚಿಹೋಗುತ್ತವೆ. ಎಲ್ಲ ಸಾಲನ್ನೂ ಒಂದೇ ಕಡೆಯಿಂದ ಶುರುಮಾಡಿದರೆ ಮೇಲಿನ ಪದರ ಜರುಗಿ ಕೊನೆಯಲ್ಲಿ ಸುಕ್ಕು ಸೇರುತ್ತದೆ. ನಡುವಿನ ಸಾಲು ಮೊದಲು, ನಂತರ ಎರಡೂ ಬದಿಗೆ. ಮೇಲಿನ ಪದರವನ್ನೂ ಜೊತೆಗೇ ಮುಂದೆ ಸರಿಸುವ ವಾಕಿಂಗ್ ಫೂಟ್ ಇದ್ದರೆ ಹಾಕಬೇಕು, ಇಲ್ಲದ ತುಳಿಯುವ ಮೆಷಿನ್ನಿನಲ್ಲಿ ಪ್ರೆಷರ್ ಫೂಟಿನ ಒತ್ತಡ ಒಂದೆರಡು ಸುತ್ತು ಸಡಿಲಿಸಿದರೂ ಸಾಕು. ಕಸೂತಿ ಇದ್ದ ಜಾಗದಲ್ಲಿ ಮೆಷಿನ್ ಓಡಿಸಲಿಲ್ಲ. ನೇಗಿ ಎಂಬ ಕಸೂತಿ ಹೊಲಿಗೆಯ ಉದ್ದ ಎಳೆಗಳನ್ನು ಸೂಜಿ ಒಮ್ಮೆ ಕಡಿದರೆ ಆ ಹೂವು ಸಾಲಾಗಿ ಬಿಚ್ಚಿಕೊಳ್ಳುತ್ತದೆ.

ಕ್ವಿಲ್ಟಿಂಗ್ ಆದ ಮೇಲೆ ತುಂಡು ಎರಡೂ ಕಡೆ ಅರ್ಧದಿಂದ ಮುಕ್ಕಾಲು ಇಂಚು ಕುಗ್ಗುತ್ತದೆ. ಅದಕ್ಕೇ ಮೊದಲು ದೊಡ್ಡದಾಗಿ ಕತ್ತರಿಸಿ, ಹೊಲಿದ ಮೇಲೆ 19 × 16ಕ್ಕೆ ಇಳಿಸುವುದು. ಇಳಿಸುವಾಗ ಮೇಲಿನಿಂದ ಕತ್ತರಿಸಬೇಕು. ಡೆನಿಮ್ ಮತ್ತು ದಡಿಯ ಗೆರೆ ಎರಡೂ ಮುಖದಲ್ಲಿ ಸರಿಸಾಟಿ ಬರಬೇಕು.

ಇನ್ನು ಪಟ್ಟಿ. ಒಂದು ಇಂಚು ಅಗಲದ ಹತ್ತಿಯ ನವಾರ, ಒಂದೊಂದು ಮುಖಕ್ಕೆ 56 ಇಂಚು ಅಖಂಡ. ಕೆಳಗಿನ ಅಂಚಿನಿಂದ ಹೊರಟು ಮೇಲೆ ಹೋಗಿ, 24 ಇಂಚು ಹಿಡಿಕೆಯಾಗಿ ಬಾಗಿ, ಮತ್ತೆ ಕೆಳಗಿನ ಅಂಚಿಗೇ ಇಳಿಯುತ್ತದೆ. ಹತ್ತು ಚೀಲಕ್ಕೆ 29 ಮೀಟರ್ ನವಾರ ಬೇಕು. ಅದರ ಮೇಲ್ಮುಖಕ್ಕೆ ಒಂದೂಮುಕ್ಕಾಲು ಇಂಚು ಅಗಲದ ಡೆನಿಮ್ ಪಟ್ಟಿ, ಎರಡೂ ಅಂಚು ಒಳಗೆ ಮಡಚಿ. ಡೆನಿಮ್ ಎಲ್ಲಿ ಜೋಡಿಸಿದರೂ ನಡೆಯುತ್ತದೆ, ಭಾರವೆಲ್ಲ ನವಾರದ್ದು. ಕೈಗೆ ತಾಗುವ ಅಡಿಭಾಗ ಬರೀ ಹತ್ತಿ, ಒತ್ತುವುದಿಲ್ಲ.

ಎರಡು ಪಟ್ಟಿಗಳ ನಡುಗೆರೆಗಳ ಅಂತರ ಆರು ಇಂಚು. ಮೇಲಿನ ಅಂಚಿಗಿಂತ ಒಂದೂವರೆ ಇಂಚು ಕೆಳಗೆ ಹೊಲಿಗೆ ನಿಲ್ಲಿಸಿ, ಅಲ್ಲಿ ಚೌಕದೊಳಗೆ ಅಡ್ಡಗೆರೆಯ ಗುಣಿಸು ಗುರುತಿನ ಹೊಲಿಗೆ; ಅದರ ಬೆನ್ನಿಗೆ ಎರಡೂವರೆ ಇಂಚಿನ ಡೆನಿಮ್ ತೇಪೆ. ಕೆಳಗಿನ ಕೊನೆಯ ಒಂದು ಇಂಚಿನಲ್ಲಿ ಡೆನಿಮ್ ಹೊದಿಕೆ ತೆಗೆದು ಬರೀ ನವಾರ ಬಿಡಬೇಕು, ಇಲ್ಲವೆಂದರೆ ತಳದ ಹೊಲಿಗೆಯಲ್ಲಿ ಡೆನಿಮ್ ಮೇಲೆ ಡೆನಿಮ್ ಕೂತು ಸೂಜಿ ಮುರಿಯುತ್ತದೆ. ಆ ಜಾಗಕ್ಕೆ ಮಾತ್ರ 16ನೇ ಸೂಜಿ ಹಾಕಿ, ಮೊದಲು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಚಕ್ರವನ್ನು ಕೈಯಿಂದ ತಿರುಗಿಸಿ ದಾಟಿಸಲಾಯಿತು.

ತಳದ ಮೂಲೆಗೆ ಎರಡೂ ಮುಖದ ಕೆಳ ಮೂಲೆಗಳಿಂದ ಎರಡು ಇಂಚಿನ ಚೌಕ ಕತ್ತರಿಸಿ, ಬದಿ ಮತ್ತು ತಳ ಹೊಲಿದ ಮೇಲೆ ಮೂಲೆ ಹಿಗ್ಗಿಸಿ ಅಡ್ಡ ಹೊಲಿದರೆ ನಾಲ್ಕು ಇಂಚಿನ ತಳ ಬರುತ್ತದೆ. ಲೈನಿಂಗ್ ಅದೇ ಅಳತೆ, ಆದರೆ ಬದಿ ಹೊಲಿಗೆ ಒಂದೆರಡು ಎಳೆ ಹೆಚ್ಚು ಒಳಗೆ. ಇಲ್ಲದಿದ್ದರೆ ಒಳಗೆ ಜೋಲುತ್ತದೆ. ಲೈನಿಂಗಿಗೆ ಹೊಸ ಪಾಪ್ಲಿನ್ನೇ ಸರಿ. ಕೀಲಿ, ಪೆನ್ನು, ಬಾಚಣಿಗೆ ಎಲ್ಲ ಉಜ್ಜುವುದು ಲೈನಿಂಗನ್ನು, ಅಲ್ಲಿ ಹಳೆ ಬಟ್ಟೆ ಬಾಳುವುದಿಲ್ಲ.

ಈ ಚೀಲಕ್ಕೆ ಅದೇ ಐದು ಕಿಲೋ ಜೋಳ ಹಾಕಿ, ಅದೇ ಗೂಟಕ್ಕೆ ತೂಗುಹಾಕಿದಾಗ ಪಟ್ಟಿ ಕೂದಲೆಳೆಯಷ್ಟೂ ಜರುಗಲಿಲ್ಲ. ಪಟ್ಟಿಗಳ ನಡುವಿನ ಸೀರೆಯನ್ನು ಬೆರಳಿಂದ ಒತ್ತಿದರೆ ಮೆತ್ತಗಿತ್ತು, ಅಂದರೆ ಅದಕ್ಕೆ ಎಳೆತವೇ ಬಿದ್ದಿರಲಿಲ್ಲ.

ಪಾಕೀಟು: ಪದರಗಳ ಲೆಕ್ಕ

ಪಾಕೀಟಿನ ತೊಂದರೆ ಬಲದ್ದಲ್ಲ, ದಪ್ಪದ್ದು. ಚೀಲಕ್ಕೆ ಹಾಕಿದ ವ್ಯಾಡಿಂಗನ್ನೇ ಇಲ್ಲೂ ಹಾಕಲಾಗಿತ್ತು. ಕಾರ್ಡಿನ ಖಾನೆಗಳ ಎಲ್ಲ ಪದರಗಳೂ ಕೆಳಗಿನ ಒಂದೇ ಹೊಲಿಗೆಗೆ ಬಂದು ಸೇರಿದ್ದವು. ಖಾನೆಯ ಅಗಲವನ್ನು ಕಾರ್ಡಿನ ಅಗಲಕ್ಕೇ ಸಮ ಇಡಲಾಗಿತ್ತು.

ಅಳತೆ ಕಾರ್ಡಿನಿಂದ ಶುರುವಾಗಬೇಕು. ಎಟಿಎಂ ಕಾರ್ಡು, ಪಿವಿಸಿ ಆಧಾರ್ ಕಾರ್ಡು ಎಲ್ಲ 85.6 × 54 ಮಿಲಿಮೀಟರ್, ಅಂದರೆ ಸುಮಾರು 3⅜ × 2⅛ ಇಂಚು. ಹೊಲಿಗೆಯಿಂದ ಹೊಲಿಗೆಗೆ 3⅝ ಇಂಚು ಬೇಕು. ಈಗಿನ 500 ರೂಪಾಯಿಯ ನೋಟು 150 × 66 ಮಿಲಿಮೀಟರ್. ಇವೆರಡೂ ಕೂರುವ ಮುಖ 8½ ಇಂಚು ಅಗಲ, 4¼ ಎತ್ತರ. ಹೊರಮುಖಕ್ಕೆ ಖಣ ಆರಿಸಿದ್ದು ಅದರ ಒತ್ತು ನೇಯ್ಗೆಗಾಗಿ. ದಪ್ಪ ಡೆನಿಮ್ ಬಿಟ್ಟರೆ ಗಂಟಿನಲ್ಲಿದ್ದ ಹಳೆ ಬಟ್ಟೆಗಳಲ್ಲಿ ಕಿಸೆಯ ಉಜ್ಜಾಟ ತಡೆಯುವಂಥದ್ದು ಅದೊಂದೇ. ಖಣ, ತೆಳು ಫ್ಯೂಸಿಂಗ್, ಧೋತರದ ಒಂದೇ ಪದರ, ಇಷ್ಟನ್ನೇ 9½ × 5ಕ್ಕೆ ಕತ್ತರಿಸಿ ಕ್ವಿಲ್ಟ್ ಮಾಡಿ, ಆಮೇಲೆ ಅಳತೆಗೆ ಇಳಿಸಬೇಕು. ಮಡಚುವ ನಡುಗೆರೆಯ ಎರಡೂ ಬದಿಗೆ ಕಾಲಿಂಚು ಕ್ವಿಲ್ಟ್ ಹೊಲಿಗೆ ಬರದಿದ್ದರೆ ಮಡಿಕೆ ಸಲೀಸು.

ಒಳಫಲಕ ಹೊರಗಿನದಕ್ಕಿಂತ ಕಾಲಿಂಚು ಕಿರಿದು: 8¼ ಇಂಚು. ಮಡಚಿದಾಗ ಒಳಗಿನ ದಾರಿ ಚಿಕ್ಕದಾಗುವುದರಿಂದ ಸಮ ಅಳತೆಯ ಒಳಬಟ್ಟೆ ಉಬ್ಬಿ ಪಾಕೀಟನ್ನು ತೆರೆಸುತ್ತದೆ. ಮಾದರಿ ತಾನೇ ತೆರೆದುಕೊಳ್ಳುತ್ತಿದ್ದ ಕಾರಣಗಳಲ್ಲಿ ಇದೂ ಒಂದು. ಒಳಫಲಕವನ್ನು 8¼ × 7½ ಕತ್ತರಿಸಿ, ಮೇಲೆ ಮಡಿಕೆ ಬರುವಂತೆ ಅರ್ಧಕ್ಕೆ ಮಡಚಬೇಕು. ಖಾನೆಯ ಪಟ್ಟಿ ಎರಡು, ಒಂದೊಂದೂ 8¼ × 4¼, ಅರ್ಧಕ್ಕೆ ಮಡಚಿ ಮಡಿಕೆಯನ್ನು ಮೇಲೆ ಇಟ್ಟು. ಹಿಂದಿನ ಪಟ್ಟಿಯ ಬುಡವನ್ನು ಕೆಳ ಅಂಚಿನ ತನಕ ತರದೆ, ಅಂಚಿನಿಂದ ಮುಕ್ಕಾಲು ಇಂಚು ಮೇಲೆ ಇಟ್ಟು ಕಾಲಿಂಚು ಒಳಗೆ ಫಲಕಕ್ಕೇ ಹೊಲಿದುಬಿಡಬೇಕು. ಮುಂದಿನ ಪಟ್ಟಿಯೊಂದೇ ಕೆಳ ಹೊಲಿಗೆಗೆ ಹೋಗುತ್ತದೆ, ಹಿಂದಿನದರ ಬುಡವನ್ನು ಮುಚ್ಚುತ್ತದೆ. ಕಾರ್ಡು ಕಾಲಿಂಚು ಮೇಲೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ನಡುವೆ ಅರ್ಧ ಇಂಚು ಅಂತರದಲ್ಲಿ ಎರಡು ಲಂಬ ಹೊಲಿಗೆ. ಆಗ ಎರಡೂ ಬದಿಯ ಖಾನೆ ಸರಿಯಾಗಿ 3⅝ ಉಳಿಯುತ್ತದೆ.

ಹೊರಮುಖ ಮತ್ತು ಅದರ ಲೈನಿಂಗನ್ನು ಮೇಲಂಚಿನಲ್ಲಿ ಉಲ್ಟಾ ಹೊಲಿದು ತಿರುಗಿಸಿ, ಒಳಫಲಕ ಮೇಲಿಟ್ಟು, ಉಳಿದ ಮೂರು ಬದಿಗೆ ತೆಳು ಹತ್ತಿಯ ಪಟ್ಟಿಯಿಂದ ಕಾಲಿಂಚಿನ ಅಂಚುಕಟ್ಟು. ಅಂಚುಕಟ್ಟಿಗೆ ಡೆನಿಮ್ ಆಸೆ ಬೇಡ. ಹೊರಮುಖ ಅಗಲ ಹೆಚ್ಚಿರುವುದರಿಂದ ಚಪ್ಪಟೆಯಾಗಿ ಹರಡಿ ಹೊಲಿಯಲು ಆಗುವುದಿಲ್ಲ. ಸ್ವಲ್ಪ ಬಾಗಿಸಿ, ಎರಡೂ ಅಂಚು ಕೂಡಿಸಿ ಕ್ಲಿಪ್ ಹಾಕಿ ಹೊಲಿಯಬೇಕು. ಗುಂಡುಸೂಜಿ ಚುಚ್ಚಿದರೆ ಇಷ್ಟು ಪದರ ಜರುಗುತ್ತದೆ.

ಲಂಬಾಣಿ ತುಂಡು ಒಂದು ಚೀಲದ ಮುಂಭಾಗಕ್ಕೆ ಹೋಯಿತು, ಪೂರ್ತಿ ಕೈಹೊಲಿಗೆಯಲ್ಲಿ. ಕನ್ನಡಿಯಿಂದ ಅರ್ಧ ಇಂಚಿನೊಳಗೆ ಮೆಷಿನ್ ಸೂಜಿ ಬಂದರೆ ಒಂದೋ ಸೂಜಿ, ಒಂದೋ ಕನ್ನಡಿ ಒಡೆಯುತ್ತದೆ. ಸಂಡೂರಿನ ಸುತ್ತ ಈ ಕೆಲಸ ಇಂದಿಗೂ ನಡೆಯುತ್ತಿದೆ, ಕನ್ನಡಿ ಬಿದ್ದುಹೋದರೆ ಮತ್ತೆ ಕೂರಿಸುವ ಕೈಗಳೂ ಅಲ್ಲಿ ಸಿಗುತ್ತವೆ.

ಪ್ರತಿ ಚೀಲದೊಳಗೆ ಒಂದು ಚೀಟಿ ಇಡಲಾಯಿತು: ತಣ್ಣೀರಲ್ಲಿ ಕೈಯಿಂದ ಒಗೆಯಿರಿ, ಹಿಂಡಬೇಡಿ, ಉಲ್ಟಾ ಮಾಡಿ ನೆರಳಲ್ಲಿ ಹಿಡಿಕೆಯಿಂದಲ್ಲದೆ ತಳದಿಂದ ತೂಗುಹಾಕಿ ಒಣಗಿಸಿ. ಜೊತೆಗೆ ಅದೇ ಸೀರೆಯ ಅಂಗೈ ಅಗಲದ ತುಂಡು, ಮುಂದೆ ಎಲ್ಲಾದರೂ ಸವೆದರೆ ತೇಪೆ ಹಾಕಲು.